ಫ್ರೆಶರ್ ಕೆಲಸಕ್ಕೂ ಎರಡು ವರ್ಷದ ಅನುಭವ ಯಾಕೆ ಕೇಳ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಮುಗಿಸಿ ಬೆಂಗಳೂರಿನ ಯಾವುದೋ ಪಿಜಿಯಲ್ಲಿ ಕೂತು ದಿನಾ ಅರ್ಜಿ ಹಾಕುತ್ತಿರುವವರು ಕೇಳುವ ಪ್ರಶ್ನೆಗಳಿವು. ಊರಲ್ಲಿರುವ ಅವರ ಅಪ್ಪ-ಅಮ್ಮ ಕೇಳುವಂಥವೂ ಒಂದೆರಡಿವೆ. ಹೆಚ್ಚಿನವು ಎಂಜಿನಿಯರಿಂಗ್, ಬಿಸಿಎ, ಬಿಕಾಂ ಮಾಡಿದವರದ್ದು. ಉತ್ತರ ಕಹಿಯಾಗಿದ್ದರೆ ಕಹಿಯಾಗಿಯೇ ಬರೆದಿದ್ದೇನೆ.

ಮೇಲೆ ‘ಎಂಟ್ರಿ ಲೆವೆಲ್’ ಅಂತ ಹಾಕಿರ್ತಾರೆ, ಕೆಳಗೆ ‘ಕನಿಷ್ಠ 2 ವರ್ಷ’ ಅಂತ ಇರುತ್ತೆ. ಯಾವುದನ್ನು ನಂಬಬೇಕು?

ಸಂಬಳದ ಮಟ್ಟಿಗೆ ಮೊದಲನೆಯದನ್ನು ನಂಬಿ. ‘ಎಂಟ್ರಿ ಲೆವೆಲ್’ ಅನ್ನುವುದು ಎಷ್ಟೋ ಸಲ ಕಂಪನಿಯ ಒಳಗಿನ ದರ್ಜೆ. ಅಂದರೆ ಕೆಳಗಿನ ಮೆಟ್ಟಿಲು, ಕೆಳಗಿನ ಸಂಬಳ. ‘2 ವರ್ಷ’ ಅನ್ನುವ ಸಂಖ್ಯೆ ಬಂದಿದ್ದು ಬೇರೆಯವರಿಂದ. ಟೀಮಿನ ಮ್ಯಾನೇಜರ್ ತನಗೆ ಎಂಥವರು ಸಿಕ್ಕರೆ ಸುಖ ಅಂತ ಪಟ್ಟಿ ಕೊಡುತ್ತಾರೆ. ಎಚ್‌ಆರ್‌ನವರು ಹೋದ ವರ್ಷದ ಜೆಡಿ (ಕೆಲಸದ ವಿವರಣೆ) ತೆಗೆದು ಅದರ ಮೇಲೆ ಇದನ್ನು ಅಂಟಿಸುತ್ತಾರೆ. ಜಾಬ್ ಪೋರ್ಟಲ್‌ನಲ್ಲಿ ಕನಿಷ್ಠ-ಗರಿಷ್ಠ ಅನುಭವ ಅಂತ ಎರಡು ಖಾನೆ ಇರುತ್ತವೆ. ಏನಾದರೂ ತುಂಬಬೇಕಲ್ಲ, ತುಂಬುತ್ತಾರೆ.

ಇದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆಯಲ್ಲ. 2017ರ ಕೊನೆಯಿಂದ ಲಿಂಕ್ಡ್‌ಇನ್‌ನಲ್ಲಿ ಬಂದ ಸುಮಾರು 40 ಲಕ್ಷ ಜಾಹೀರಾತುಗಳನ್ನು 2021ರಲ್ಲಿ ನೋಡಿದಾಗ, ‘ಎಂಟ್ರಿ ಲೆವೆಲ್’ ಅನ್ನುವವುಗಳಲ್ಲಿ ಶೇ 35ರಷ್ಟು ಹಿಂದಿನ ಅನುಭವ ಕೇಳಿದ್ದವು. 2020ರ ಜುಲೈನಲ್ಲಿ ಇನ್ನೂ ತಮಾಷೆಯ ಪ್ರಸಂಗ ನಡೆಯಿತು. ಫಾಸ್ಟ್‌ಎಪಿಐ ಅನ್ನುವ ಪ್ರೋಗ್ರಾಮಿಂಗ್ ಸಾಧನವನ್ನು ಕಟ್ಟಿದ ಸೆಬಾಸ್ಟಿಯನ್ ರಾಮಿರೆಜ್ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಅದಕ್ಕೆ ಫಾಸ್ಟ್‌ಎಪಿಐನಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚಿನ ಅನುಭವ ಬೇಕಿತ್ತು. ಅವರು ಅದನ್ನು ಕಟ್ಟಿಯೇ ಆಗ ಒಂದೂವರೆ ವರ್ಷವಾಗಿತ್ತು. ನನಗೂ ಅರ್ಜಿ ಹಾಕುವ ಅರ್ಹತೆ ಇಲ್ಲ ಅಂತ ಅವರು ಟ್ವೀಟ್ ಮಾಡಿದರು. ಆ ಸಂಖ್ಯೆಯನ್ನು ಎಷ್ಟು ಯೋಚಿಸಿ ಹಾಕಿರುತ್ತಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಸರಿ, ಆದರೆ ಎಲ್ಲವೂ ನಿರ್ಲಕ್ಷ್ಯ ಅಲ್ಲ ಅಲ್ವಾ? ನಿಜವಾದ ಕಾರಣ ಏನು?

ದುಡ್ಡು. ಕಲಿಸುವ ಖರ್ಚು ಯಾರ ತಲೆ ಮೇಲೆ ಬೀಳಬೇಕು ಅನ್ನುವುದೇ ಇಲ್ಲಿನ ವಿಷಯ.

ಬೆಂಗಳೂರಿನ ಐಟಿ ಸೇವಾ ಕಂಪನಿಗಳ ಲೆಕ್ಕ ನೋಡಿ. ವಿದೇಶದ ಗ್ರಾಹಕ ಒಬ್ಬೊಬ್ಬರ ಕೆಲಸದ ಗಂಟೆಗೆ ಇಷ್ಟು ಅಂತ ದುಡ್ಡು ಕೊಡುತ್ತಾನೆ. ಪ್ರಾಜೆಕ್ಟ್‌ನಲ್ಲಿ ಇರುವವರು ‘ಬಿಲ್ಲಿಂಗ್’, ಇಲ್ಲದವರು ‘ಬೆಂಚ್’. ಫ್ರೆಶರ್ ಸೇರಿದ ಮೇಲೆ ತರಬೇತಿಗೆ ಕೆಲವು ತಿಂಗಳು, ಆಮೇಲೆ ಪ್ರಾಜೆಕ್ಟ್ ಸಿಗುವವರೆಗೆ ಇನ್ನಷ್ಟು ತಿಂಗಳು. ಅಷ್ಟೂ ದಿನ ಸಂಬಳ ಕಂಪನಿಯದ್ದು, ಆದಾಯ ಸೊನ್ನೆ. ಕೆಲಸ ಹರಿದು ಬರುವ ಕಾಲದಲ್ಲಿ ಇದು ಯಾರಿಗೂ ಭಾರವಲ್ಲ. 2021-22ರಲ್ಲಿ ಟಿಸಿಎಸ್ ಒಂದೇ 1 ಲಕ್ಷ ಫ್ರೆಶರ್‌ಗಳನ್ನು ತೆಗೆದುಕೊಂಡಿತು, ಇನ್ಫೋಸಿಸ್ 85,000 ಜನರನ್ನು. ಗ್ರಾಹಕರು ಕೈ ಬಿಗಿ ಮಾಡಿದ ಮೇಲೆ ಇನ್ಫೋಸಿಸ್‌ನ ಅದೇ ಲೆಕ್ಕ 2023-24ರಲ್ಲಿ 12,000ದ ಆಸುಪಾಸಿಗೆ ಬಂತು. ಕಾಲೇಜಿನಿಂದ ಹೊರಬರುವವರ ಸಂಖ್ಯೆ ಹಾಗೆ ಇಳಿಯಲಿಲ್ಲ.

ಇಂಥ ಕಾಲದಲ್ಲಿ ಎರಡು ವರ್ಷ ಕೆಲಸ ಮಾಡಿ, ಕೆಲಸ ಕಳೆದುಕೊಂಡು, ಮೊದಲಿನ ಸಂಬಳಕ್ಕೇ ಬರಲು ತಯಾರಿರುವವರು ಮಾರುಕಟ್ಟೆಯಲ್ಲಿ ಇರುತ್ತಾರೆ. ಫ್ರೆಶರ್ ಬೆಲೆಗೆ ಅನುಭವಿ ಸಿಗುವಾಗ ಕಂಪನಿ ಯಾಕೆ ಬೇಡ ಅನ್ನುತ್ತದೆ? ಮೊದಲು ಕಂಪನಿಯೇ ಹೊರುತ್ತಿದ್ದ ಕಲಿಕೆಯ ಖರ್ಚು ಈಗ ನಿಮ್ಮ ಮನೆಯ ಮೇಲೆ ಬಿದ್ದಿದೆ. ಬಿಟಿಎಂ, ಮಾರತ್ತಹಳ್ಳಿ, ಬಸವನಗುಡಿಯ ಟ್ರೈನಿಂಗ್ ಸೆಂಟರ್‌ಗಳ ಫೀಸು, ಪಿಜಿ ಬಾಡಿಗೆ ಎಲ್ಲ ಆ ಖರ್ಚೇ.

ಸಣ್ಣ ಕಂಪನಿಗಳ ಕಷ್ಟ ಬೇರೆ. ಹತ್ತು ಜನರ ಆಫೀಸಿನಲ್ಲಿ ಒಬ್ಬರು ಬಿಟ್ಟು ಹೋದರೆ ಮಾರನೆಯ ದಿನದಿಂದಲೇ ಆ ಕೆಲಸ ನಡೆಯಬೇಕು. ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಇವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಾವಿರಾರು ಜನರಿರುವ, ತರಬೇತಿಗೆಂದೇ ಕಟ್ಟಡ ಇಟ್ಟುಕೊಂಡ ಕಂಪನಿಗಳು ಹೀಗೆ ಕೇಳಿದಾಗ ಸಿಟ್ಟು ಬರುತ್ತದೆ.

ಇನ್ನೊಂದು ಕಾರಣ ಅರ್ಜಿಗಳ ರಾಶಿ. ಒಂದು ಕ್ಲಿಕ್‌ನಲ್ಲಿ ಅರ್ಜಿ ಹಾಕಬಹುದಾದ ಮೇಲೆ ಒಂದು ಕೆಲಸಕ್ಕೆ ಸಾವಿರಗಟ್ಟಲೆ ಬರುತ್ತವೆ. ‘2 ವರ್ಷ’ ಅಂತ ಹಾಕಿದರೆ ಅರ್ಧ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ. ಅದೊಂದು ಜರಡಿ, ಅಷ್ಟೇ.

ಹುಡುಗರಿಗೆ ಸ್ಕಿಲ್ ಇಲ್ಲ, ಅದಕ್ಕೇ ಕೆಲಸ ಸಿಗ್ತಿಲ್ಲ ಅಂತಾರಲ್ಲ?

ಸ್ವಲ್ಪ ನಿಜ. ಲ್ಯಾಬ್ ರೆಕಾರ್ಡ್ ನಕಲು ಮಾಡಿ, ಫೈನಲ್ ಇಯರ್ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದವರು ಇದ್ದಾರೆ. ಆದರೆ ಪೂರ್ತಿ ಕಥೆ ಅದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ಭಾರತದ ಉದ್ಯೋಗ ವರದಿ ಪ್ರಕಾರ 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಅವರಿಗೆ ಒಳ್ಳೆ ಕೆಲಸ ಸಿಗುತ್ತಿದೆ ಅಂತ ಇದರ ಅರ್ಥವಲ್ಲ. ಮನೆ ನಡೆಯಬೇಕಾದ್ದರಿಂದ ಸಿಕ್ಕ ಕೆಲಸ ಮಾಡುತ್ತಾರೆ. ಓದಿದವರು ಓದಿಗೆ ತಕ್ಕ ಕೆಲಸಕ್ಕೆ ಕಾಯುತ್ತಾರೆ, ಅಂಥ ಕೆಲಸ ಅಷ್ಟೊಂದು ಇಲ್ಲ. ಇದನ್ನು ಬರೀ ಸ್ಕಿಲ್ ಕೊರತೆ ಅಂತ ಕರೆದರೆ ತಪ್ಪೆಲ್ಲ ಹುಡುಗರ ತಲೆಗೆ ಕಟ್ಟಿದ ಹಾಗೆ.

2 ವರ್ಷ ಕೇಳಿದ್ದಾರೆ, ನನ್ನ ಹತ್ತಿರ ಇಲ್ಲ. ಅರ್ಜಿ ಹಾಕಲಾ, ಬೇಡವಾ?

ಖಾಸಗಿ ಕಂಪನಿಯಾದರೆ ‘0-2’, ‘1-2’ ಇದ್ದಲ್ಲಿ ಹಾಕಿ. ಕನಿಷ್ಠ 2 ಅಂತಿದ್ದು, ಕೇಳಿರುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮಗೆ ನಿಜವಾಗಿ ಬರುತ್ತದೆ ಅಂದರೂ ಹಾಕಿ. ‘3-5’ ಇದ್ದರೆ ಬಿಡಿ, ಆ ಸಮಯ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ.

ಸರ್ಕಾರಿ, ಬ್ಯಾಂಕ್, ಸಾರ್ವಜನಿಕ ವಲಯದ ಅಧಿಸೂಚನೆಯಾದರೆ ಕಥೆ ಬೇರೆ. ಅಲ್ಲಿ ಬರೆದಿದ್ದು ನಿಯಮ. ಒಂದು ದಿನ ಕಡಿಮೆಯಾದರೂ ದಾಖಲೆ ಪರಿಶೀಲನೆಯಲ್ಲಿ ಹೊರಗೆ ಕಳಿಸುತ್ತಾರೆ, ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ.

ಪೋರ್ಟಲ್‌ನಲ್ಲಿ ‘ನಿಮಗೆ ಎಷ್ಟು ವರ್ಷ ಅನುಭವ?’ ಅಂತ ನೇರ ಪ್ರಶ್ನೆ ಬಂದರೆ ಸುಳ್ಳು ಬರೆಯಬೇಡಿ. ಸೊನ್ನೆ ಅಂತ ಹಾಕಿದರೆ ಕೆಲವು ಕಡೆ ಅರ್ಜಿ ಅಲ್ಲೇ ಸಾಯುತ್ತದೆ, ನಿಜ. ಆ ಜರಡಿ ದಾಟಲು ಇರುವ ನೇರ ದಾರಿ ರೆಫರಲ್, ಅಂದರೆ ಒಳಗೆ ಕೆಲಸ ಮಾಡುವವರೇ ನಿಮ್ಮ ಹೆಸರು ಸೂಚಿಸುವುದು. ನಿಮ್ಮ ಕಾಲೇಜಿನ ಎರಡು ವರ್ಷ ಹಿಂದಿನ ಬ್ಯಾಚಿನವರನ್ನು ಹುಡುಕಿ. ಮ್ಯಾನೇಜರ್ ಆಗಿರುವ ಚಿಕ್ಕಪ್ಪನ ಸ್ನೇಹಿತರಿಗಿಂತ ಇವರೇ ಮೇಲು. ಯಾಕೆಂದರೆ ಯಾವ ಟೀಮಿನಲ್ಲಿ ಜಾಗ ಖಾಲಿಯಿದೆ ಅಂತ ಇವರಿಗೆ ಗೊತ್ತಿರುತ್ತದೆ. ಎಷ್ಟೋ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೆ ಬೋನಸ್ ಕೂಡ ಇದೆ. ಹಾಗಾಗಿ ಕೇಳಲು ಸಂಕೋಚ ಬೇಡ. ಬರೀ ‘ಅಣ್ಣ, ಎಲ್ಲಾದ್ರೂ ಕೆಲಸ ಇದ್ರೆ ಹೇಳಿ’ ಅನ್ನಬೇಡಿ. ಕೆಲಸದ ಲಿಂಕ್, ನಿಮ್ಮ ರೆಸ್ಯೂಮೆ, ಈ ಕೆಲಸ ನಿಮಗೆ ಯಾಕೆ ಹೊಂದುತ್ತದೆ ಅಂತ ಎರಡು ಸಾಲು, ಇಷ್ಟು ಕಳಿಸಿ. ಅವರು ಅದನ್ನು ಹಾಗೇ ಮುಂದಕ್ಕೆ ಕಳಿಸುವಂತಿರಬೇಕು.

ಇಂಟರ್ನ್‌ಶಿಪ್ ಅನುಭವದ ಲೆಕ್ಕಕ್ಕೆ ಬರುತ್ತಾ?

ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯದಲ್ಲೇ ಇಂಟರ್ನ್‌ಶಿಪ್ ಇದೆ, ಎಂಜಿನಿಯರಿಂಗ್ ಮುಗಿಸಿದ ಎಲ್ಲರ ಹತ್ತಿರವೂ ಪ್ರಮಾಣಪತ್ರ ಇರುತ್ತದೆ. ಅದಕ್ಕೇ ಬರೀ ಪತ್ರಕ್ಕೆ ಬೆಲೆ ಇಲ್ಲ. ಕೆಲವು ಸಾವಿರ ಕಟ್ಟಿದರೆ ಪತ್ರ ಕೊಡುವ ಕಂಪನಿಗಳಿವೆ ಅಂತ ಸಂದರ್ಶನ ಮಾಡುವವರಿಗೂ ಗೊತ್ತು, ಅವರೂ ಅಲ್ಲಿಂದಲೇ ಬಂದವರಲ್ವಾ.

ನೀವು ಮಾಡಿದ ಕೆಲಸವನ್ನು ಬೇರೆ ಯಾರಾದರೂ ನಿಜವಾಗಿ ಬಳಸಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಯಾವ ತೊಂದರೆ ಇತ್ತು, ನೀವೇನು ಮಾಡಿದಿರಿ, ಆಮೇಲೆ ಏನಾಯಿತು ಅಂತ ಐದು ನಿಮಿಷ ಮಾತಾಡಲು ಬಂದರೆ ಅದು ಅನುಭವವೇ. ಊರಿನ ಸೊಸೈಟಿಗೆ ಹಾಲಿನ ಲೆಕ್ಕ ಇಡಲು ಒಂದು ಸಣ್ಣ ಆ್ಯಪ್ ಮಾಡಿಕೊಟ್ಟು, ಅವರು ದಿನಾ ಬಳಸುತ್ತಿದ್ದರೆ, ಮೂರು ಆನ್‌ಲೈನ್ ಪ್ರಮಾಣಪತ್ರಗಳಿಗಿಂತ ಅದಕ್ಕೆ ತೂಕ ಜಾಸ್ತಿ. ಆದರೆ ರೆಸ್ಯೂಮೆಯಲ್ಲಿ ಅದನ್ನು ‘ಉದ್ಯೋಗ’ ಅಂತ ತೋರಿಸಬೇಡಿ. ಇಂಟರ್ನ್‌ಶಿಪ್ ಆದರೆ ಇಂಟರ್ನ್‌ಶಿಪ್, ಪ್ರಾಜೆಕ್ಟ್ ಆದರೆ ಪ್ರಾಜೆಕ್ಟ್.

ಅಪ್ರೆಂಟಿಸ್‌ಶಿಪ್ ಅಂದರೆ ಐಟಿಐ ಮಾಡಿದವರಿಗೆ ಮಾತ್ರ ಅಲ್ವಾ?

ಅಲ್ಲ. ಜನ ಹೆಚ್ಚು ಗಮನಿಸದ ದಾರಿ ಇದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೂ ಡಿಪ್ಲೊಮಾದವರಿಗೂ ಒಂದು ವರ್ಷದ ತರಬೇತಿ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ‘ನ್ಯಾಟ್ಸ್’ ಪೋರ್ಟಲ್‌ನಲ್ಲಿ ನೋಂದಣಿ. ದಕ್ಷಿಣದ ರಾಜ್ಯಗಳನ್ನು ಚೆನ್ನೈನ ತರಬೇತಿ ಮಂಡಳಿ ನೋಡಿಕೊಳ್ಳುತ್ತದೆ. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅಂತ 2019ರ ನಿಯಮ ಹೇಳುತ್ತದೆ. ಆ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಅಂತ ಸ್ಟೈಪೆಂಡ್ ಇಟ್ಟರು. ನ್ಯಾಟ್ಸ್‌ನಲ್ಲಿ ಈ ಕನಿಷ್ಠ ಮೊತ್ತದ ಅರ್ಧವನ್ನು ಸರ್ಕಾರ ಭರಿಸುತ್ತದೆ.

ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಕಡೆ ಪ್ರತಿವರ್ಷ ಪದವೀಧರ ಅಪ್ರೆಂಟಿಸ್‌ಗಳನ್ನು ಕರೆಯುತ್ತಾರೆ. ಬಿಎ, ಬಿಕಾಂ, ಬಿಎಸ್ಸಿ ಮಾಡಿದವರಿಗೂ ಕೆಲವು ಕಡೆ ಅವಕಾಶ ಇದೆ. ಈ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಈಗಾಗಲೇ ಒಂದು ವರ್ಷ ಅಥವಾ ಹೆಚ್ಚು ಅನುಭವ ಇರುವವರು ಅರ್ಜಿ ಹಾಕುವಂತಿಲ್ಲ. ಅನುಭವ ಇದ್ದರೆ ಬಾಗಿಲು ಮುಚ್ಚುವ ಜಾಗ ಅಂದರೆ ಇದೇ ಇರಬೇಕು.

ಕೊರತೆಗಳೂ ಇವೆ. ಕಾನೂನಿನ ಕಣ್ಣಲ್ಲಿ ಅಪ್ರೆಂಟಿಸ್ ನೌಕರನಲ್ಲ, ತರಬೇತಿ ಪಡೆಯುವವನು. ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕು ಅಂತ ಕಟ್ಟಳೆ ಇಲ್ಲ. 9,000ದಲ್ಲಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು ಮೂರು ಹೊತ್ತು ಊಟ ಮಾಡುವುದು ಕಷ್ಟ, ಮನೆಯಿಂದ ಒಂದಿಷ್ಟು ದುಡ್ಡು ತರಬೇಕಾಗುತ್ತದೆ. ಕೆಲವು ಕಡೆ ಕಲಿಸುವ ಬದಲು ಫೋಟೊಕಾಪಿ ಮಾಡಿಸುತ್ತಾರೆ. ಆದರೂ ಕೊನೆಗೆ ಸಿಗುವ ಪ್ರಮಾಣಪತ್ರ ಸರ್ಕಾರದ್ದು, ಯಾರು ಬೇಕಾದರೂ ಪರಿಶೀಲಿಸಬಹುದು. ಆ ಒಂದು ಕಾರಣಕ್ಕೇ ಇದು ಟ್ರೈನಿಂಗ್ ಸೆಂಟರ್‌ಗಿಂತ ಮೇಲು ಅಂತ ನನ್ನ ಅಭಿಪ್ರಾಯ.

ಡಿಪ್ಲೊಮಾ ಇನ್ನೂ ಸೇರದವರು ಮನೆಯಲ್ಲಿದ್ದರೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಬಗ್ಗೆ ಹೇಳಿ. ಅಲ್ಲಿಯ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಹೊರಗೆ ಬರುವಾಗ ಪೀಣ್ಯದ ಕಾರ್ಖಾನೆಗಳು ಕೇಳುವ ಅನುಭವ ಕೈಯಲ್ಲೇ ಇರುತ್ತದೆ.

ಪಿಎಂ ಇಂಟರ್ನ್‌ಶಿಪ್ ಯೋಜನೆ?

2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ದೊಡ್ಡ 500 ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಂದು ಸಲ 6,000. ಆರಂಭದ ನಿಯಮದಲ್ಲಿ ವಯಸ್ಸು 21ರಿಂದ 24, ಮನೆಯ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಅರ್ಜಿ ಹಾಕುವ ಮೊದಲು ಈಗಿನ ನಿಯಮವನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಊರಿನ ಹತ್ತಿರ ಸಿಕ್ಕರೆ ಒಳ್ಳೆಯದು. 5,000ಕ್ಕೆ ಬೇರೆ ಊರಿಗೆ ಹೋಗುವುದಾದರೆ ಎರಡು ಸಲ ಯೋಚಿಸಿ.

ನಾನು ಬಿಕಾಂ. ಅಕೌಂಟೆಂಟ್ ಕೆಲಸಕ್ಕೂ ‘ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್)ಯಲ್ಲಿ 2 ವರ್ಷ’ ಅಂತಾರೆ. ಏನು ಮಾಡಲಿ?

ನಿಮ್ಮ ದಾರಿ ಎಂಜಿನಿಯರ್‌ಗಳ ದಾರಿಗಿಂತ ಸ್ವಲ್ಪ ಸುಲಭ. ನಿಮ್ಮ ಊರಿನಲ್ಲೇ ಒಬ್ಬ ಆಡಿಟರ್ ಅಥವಾ ತೆರಿಗೆ ಸಲಹೆಗಾರರು ಇರುತ್ತಾರೆ. ದಾವಣಗೆರೆಯಾಗಲಿ, ಗದಗವಾಗಲಿ, ಪುತ್ತೂರಾಗಲಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1 ಪ್ರತಿ ತಿಂಗಳು 11ರೊಳಗೆ, ಜಿಎಸ್‌ಟಿಆರ್-3ಬಿ 20ರೊಳಗೆ ಹೋಗಬೇಕು. ಆ ದಿನಗಳಲ್ಲಿ ಅಲ್ಲಿ ಕೈ ಸಾಲದು. ಜೂನ್-ಜುಲೈ ಬಂದರೆ ಆದಾಯ ತೆರಿಗೆ ರಿಟರ್ನ್‌ಗಳ ಗಲಾಟೆ. ಕೊಡುವ ಸಂಬಳ ಕಡಿಮೆ, ಅದು ಗೊತ್ತಿದ್ದೇ ಸೇರಬೇಕು. ಆದರೆ ಕಿರಾಣಿ ಅಂಗಡಿ, ರೈಸ್ ಮಿಲ್, ಕಂಟ್ರಾಕ್ಟರ್, ಬಟ್ಟೆ ವ್ಯಾಪಾರಿ, ಹೀಗೆ ಹತ್ತು ತರಹದ ಲೆಕ್ಕಪುಸ್ತಕ ಒಂದೇ ವರ್ಷದಲ್ಲಿ ಕೈಗೆ ಬರುತ್ತವೆ. ದೊಡ್ಡ ಕಂಪನಿಯಲ್ಲಿ ಎರಡು ವರ್ಷ ಬರೀ ಖರೀದಿ ಬಿಲ್ ಎಂಟ್ರಿ ಮಾಡಿದವರಿಗೆ ಇದು ಸಿಗುವುದಿಲ್ಲ.

ಬಿಡುವಾಗ ಅವರ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ತೆಗೆದುಕೊಳ್ಳಿ. ಸಂಬಳವನ್ನು ಮೊದಲ ತಿಂಗಳಿಂದಲೇ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ನಗದು ಪಡೆದರೆ ನಾಳೆ ತೋರಿಸಲು ಏನೂ ಇರುವುದಿಲ್ಲ.

ಒಬ್ಬರು ದುಡ್ಡು ಕೊಟ್ಟರೆ ಎರಡು ವರ್ಷದ ಅನುಭವ ‘ಮಾಡಿಕೊಡ್ತೀವಿ’ ಅಂದರು. ಎಲ್ಲರೂ ಮಾಡ್ತಾರಂತೆ?

ಎಲ್ಲರೂ ಮಾಡುವುದಿಲ್ಲ. ಮಾಡಿದವರು ಸುಮ್ನೆ ಜಾಸ್ತಿ ಮಾತಾಡುತ್ತಾರೆ.

ಆಫರ್ ಲೆಟರ್, ಪೇ ಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲವನ್ನೂ ಪ್ರಿಂಟ್ ಮಾಡಿ ಕೊಡುತ್ತಾರೆ. ಫೋನ್ ಮಾಡಿದರೆ ‘ಹೌದು, ಇಲ್ಲೇ ಇದ್ರು’ ಅನ್ನಲು ಒಬ್ಬರನ್ನು ಇಟ್ಟಿರುತ್ತಾರೆ. ಆದರೆ ಈಗ ಪರಿಶೀಲನೆ ಫೋನಿನಲ್ಲಿ ಮುಗಿಯುವುದಿಲ್ಲ. ಯುಎಎನ್ (ಪಿಎಫ್ ಖಾತೆಯ ಗುರುತಿನ ಸಂಖ್ಯೆ) ಇದ್ದರೆ ಯಾವ ಕಂಪನಿ ಯಾವ ತಿಂಗಳಿಂದ ಪಿಎಫ್ ಕಟ್ಟಿದೆ ಅಂತ ಕಾಣುತ್ತದೆ. ಫಾರ್ಮ್ 16 (ಸಂಬಳದಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಎರಡು ವರ್ಷ ಸಂಬಳ ತೆಗೆದುಕೊಂಡವರ ಖಾತೆಗೆ ಸಂಬಳ ಬಂದಿರಬೇಕಲ್ಲ?

ಪರಿಶೀಲನೆ ಎಷ್ಟೋ ಸಲ ಕೆಲಸಕ್ಕೆ ಸೇರಿದ ಮೇಲೆ ಮುಗಿಯುತ್ತದೆ. ಆರು ತಿಂಗಳು ಚೆನ್ನಾಗಿ ಕೆಲಸ ಮಾಡಿ, ಎಲ್ಲರ ಹತ್ತಿರ ಒಳ್ಳೆಯವರು ಅನ್ನಿಸಿಕೊಂಡು, ಒಂದು ಸಂಜೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಬರಬೇಕಾಗುತ್ತದೆ. ಆ ಆರು ತಿಂಗಳನ್ನೂ ಆಮೇಲೆ ತೋರಿಸಲು ಬರುವುದಿಲ್ಲ. ಜೊತೆಗೆ ಸುಳ್ಳು ದಾಖಲೆ ಬಳಸುವುದು ಅಪರಾಧ, ಕಂಪನಿ ದೂರು ಕೊಟ್ಟರೆ ಪೊಲೀಸ್ ಠಾಣೆಗೆ ಹೋಗುವವರು ನೀವು. ಪ್ರಿಂಟ್ ಮಾಡಿಕೊಟ್ಟವರ ಫೋನ್ ಆಗ ಸ್ವಿಚ್ ಆಫ್.

ಕೆಲಸ ಕೊಡಿಸುತ್ತೇವೆ ಅಂತ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿಸಿಕೊಂಡು ಮೋಸ ಮಾಡಿದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಫ್ರೆಶರ್‌ಗಳನ್ನು ತೆಗೆದುಕೊಳ್ಳೋ ಕಂಪನಿ ಎರಡು ವರ್ಷದ ಬಾಂಡ್ ಕೇಳ್ತಿದೆ. ಬಾಂಡ್‌ಗೆ ಬೆಲೆ ಇಲ್ಲ ಅಂತ ಸ್ನೇಹಿತರು ಹೇಳ್ತಾರೆ.

ಸ್ನೇಹಿತರ ಮಾತು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಮಂಗಳೂರಿನಲ್ಲಿ ಹುಟ್ಟಿ ಈಗ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿರುವ ಅದೇ ಬ್ಯಾಂಕ್. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತು ಇತ್ತು. ಬಿಟ್ಟು ಹೋದ ಅಧಿಕಾರಿಯ ಪರವಾಗಿ ಕರ್ನಾಟಕ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಷರತ್ತು ಸರಿ ಅಂದಿತು. ಆದರೆ ಅದು ಸಾರ್ವಜನಿಕ ವಲಯದ ಬ್ಯಾಂಕ್, ಅವರು ಹಿರಿಯ ಅಧಿಕಾರಿ, ಆ ಸಂಬಳಕ್ಕೆ ಆ ಮೊತ್ತ ವಿಪರೀತ ಅನ್ನಿಸಲಿಲ್ಲ. ತಿಂಗಳಿಗೆ 18,000 ಕೊಟ್ಟು 5 ಲಕ್ಷದ ಬಾಂಡ್ ಬರೆಸಿಕೊಂಡರೆ ಕೋರ್ಟ್ ಹಾಗೆಯೇ ನೋಡಬೇಕಿಲ್ಲ. ಗುತ್ತಿಗೆ ಕಾಯ್ದೆಯಲ್ಲಿ ‘ಸಮಂಜಸ ಪರಿಹಾರ’ದ ಮಾತೇ ಇರುವುದು.

ಸಹಿ ಮಾಡುವ ಮುಂಚೆ ಮೊತ್ತ ಎಷ್ಟು, ಅವಧಿ ಎಷ್ಟು, ಅವರೇ ಕೆಲಸದಿಂದ ತೆಗೆದರೆ ಏನು ಅಂತ ಓದಿ. ಅಂಕಪಟ್ಟಿಯ ಒರಿಜಿನಲ್ ಯಾರ ಕೈಗೂ ಕೊಟ್ಟು ಬರಬೇಡಿ. ಖಾಲಿ ಚೆಕ್ ಕೊಡಲೇಬೇಡಿ. ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ.

ಸದ್ಯಕ್ಕೆ ಬಿಪಿಒ (ಕಾಲ್ ಸೆಂಟರ್‌ನಂಥ ಕಡೆ) ಸೇರಿಕೊಂಡರೆ ಆಮೇಲೆ ‘ಬಿಪಿಒದವರು’ ಅನ್ನುವ ಮುದ್ರೆ ಬೀಳುತ್ತಾ?

ಮನೆಯಲ್ಲಿ ದುಡ್ಡಿನ ಅಗತ್ಯ ಇದ್ದರೆ ಈ ಪ್ರಶ್ನೆಯೇ ಬೇಡ, ಸೇರಿ. ಇಲ್ಲದಿದ್ದರೆ ಯಾವ ಪ್ರಾಸೆಸ್, ಅಂದರೆ ಯಾವ ಬಗೆಯ ಕೆಲಸ ಅಂತ ನೋಡಿ. ಸಾಫ್ಟ್‌ವೇರ್ ಕಂಪನಿಯ ಟೆಕ್ನಿಕಲ್ ಸಪೋರ್ಟ್ ಆದರೆ ಅಲ್ಲಿಂದ ಟೆಸ್ಟಿಂಗ್‌ಗೆ, ಕ್ಲೌಡ್ ಸಪೋರ್ಟ್‌ಗೆ ಹೋದವರು ಬೇಕಾದಷ್ಟು ಇದ್ದಾರೆ. ಬರೀ ಕ್ರೆಡಿಟ್ ಕಾರ್ಡ್ ವಸೂಲಿಯ ಫೋನ್ ಆದರೆ ಅದರಿಂದ ಕೋಡಿಂಗ್ ಕೆಲಸಕ್ಕೆ ದಾರಿ ತಾನಾಗಿ ಸಿಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಹಗಲು ಓದುತ್ತೇನೆ ಅಂದುಕೊಳ್ಳುವುದು ಸುಲಭ, ದೇಹ ಕೇಳಬೇಕು. ಒಂದು ಲಾಭ ಮಾತ್ರ ಖಚಿತ: ಪಿಎಫ್, ಪೇ ಸ್ಲಿಪ್ ಇರುವ ನಿಜವಾದ ಉದ್ಯೋಗದ ದಾಖಲೆ.

ಪಾಸಾಗಿ ಒಂದೂವರೆ ವರ್ಷ ಆಯ್ತು. ಈಗ ‘ಈ ವರ್ಷದ ಬ್ಯಾಚ್ ಮಾತ್ರ’ ಅಂತಾರೆ, ಇಲ್ಲಾಂದ್ರೆ ಅನುಭವ ಕೇಳ್ತಾರೆ. ನಾವು ಎಲ್ಲಿಗೆ ಹೋಗಬೇಕು?

ಎಲ್ಲಕ್ಕಿಂತ ಅನ್ಯಾಯ ಆಗುತ್ತಿರುವುದು ನಿಮ್ಮ ಗುಂಪಿಗೇ. ಕ್ಯಾಂಪಸ್‌ನವರಿಗೆ ನೀವು ಹಳಬರು, ಉಳಿದವರಿಗೆ ಹೊಸಬರು. ಇದಕ್ಕೆ ಜಾಣ ಉಪಾಯ ಇಲ್ಲ. ದೊಡ್ಡ ಕಂಪನಿಗಳ ಬ್ಯಾಚ್ ನೇಮಕಾತಿ ಬಿಟ್ಟು ಸಣ್ಣ ಕಂಪನಿಗಳ ಕಡೆ ತಿರುಗಿ, ಅವರು ಪಾಸಾದ ವರ್ಷವನ್ನು ಅಷ್ಟಾಗಿ ನೋಡುವುದಿಲ್ಲ. ಬೆಂಗಳೂರೇ ಆಗಬೇಕು ಅಂತಲೂ ಇಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಇಂಥ ಕಂಪನಿಗಳಿವೆ, ಮನೆ ಹತ್ತಿರವಾದರೆ ಕಡಿಮೆ ಸಂಬಳವೂ ನಡೆಯುತ್ತದೆ. ಸಂದರ್ಶನದಲ್ಲಿ ಗ್ಯಾಪ್ ಬಗ್ಗೆ ಕೇಳಿದರೆ ಎರಡು ವಾಕ್ಯದಲ್ಲಿ ನಿಜ ಹೇಳಿ ಮುಂದೆ ಹೋಗಿ. ಅಪ್ಪನ ಆಪರೇಷನ್ ಇತ್ತು, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ, ಏನಿದ್ದರೂ ಸರಿ. ಉದ್ದಕ್ಕೆ ವಿವರಿಸಿದಷ್ಟೂ ಅನುಮಾನ ಜಾಸ್ತಿ.

ಯುವನಿಧಿ ತಗೋತಾ ಇದ್ದೀನಿ. ಅಪ್ರೆಂಟಿಸ್ ಸೇರಿದರೆ ನಿಂತು ಹೋಗುತ್ತಾ?

ಹೌದು. 2022-23 ಅಥವಾ ಆಮೇಲೆ ಪಾಸಾಗಿ 180 ದಿನ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ ಅದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೆ ಬರುವುದಿಲ್ಲ. 3,000 ಉಳಿಸಿಕೊಳ್ಳಲು 9,000ವನ್ನೂ ಒಂದು ವರ್ಷದ ಅನುಭವವನ್ನೂ ಬಿಡಬೇಡಿ.

ಅನುಭವ ಕೇಳದ ಕೆಲಸವೇ ಇಲ್ವಾ?

ಇವೆ. ಎಸ್‌ಡಿಎ, ಎಫ್‌ಡಿಎ, ಕೆಎಎಸ್, ಐಬಿಪಿಎಸ್ ಕ್ಲರ್ಕ್, ಪಿಒ, ಗ್ರಾಮೀಣ ಬ್ಯಾಂಕ್‌ನ ಆಫೀಸ್ ಅಸಿಸ್ಟೆಂಟ್, ಇವಕ್ಕೆಲ್ಲ ಪದವಿ ಅಥವಾ ಪಿಯುಸಿ ಸಾಕು. ಆದರೆ ಅಲ್ಲಿ ಅನುಭವದ ಬದಲು ವಯಸ್ಸಿನ ಮಿತಿ ಇದೆ, ನೇಮಕಾತಿ ಯಾವಾಗ ಮುಗಿಯುತ್ತದೆ ಅನ್ನುವುದು ದೇವರಿಗೇ ಗೊತ್ತು. ಓದುವುದಾದರೆ ಎಷ್ಟು ಸಲ ಬರೆಯುತ್ತೇನೆ ಅಂತ ಮೊದಲೇ ಮನೆಯವರ ಜೊತೆ ಕೂತು ತೀರ್ಮಾನ ಮಾಡಿಕೊಳ್ಳಿ. ನಾಲ್ಕು ವರ್ಷ ಓದಿ ಬರಿಗೈಯಲ್ಲಿ ಬಂದವರಿಗೆ ಖಾಸಗಿ ಕಂಪನಿಯ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿರುತ್ತದೆ.

ಅನುಭವವನ್ನು ಯಾವ ದಿನದಿಂದ ಎಣಿಸ್ತಾರೆ?

ಸರ್ಕಾರಿ ಮತ್ತು ಸಾರ್ವಜನಿಕ ವಲಯದ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಕೇಳಿದ ವಿದ್ಯಾರ್ಹತೆ ಪಡೆದ ಮೇಲಿನ ದಿನಗಳನ್ನು ಮಾತ್ರ, ಅವರು ಹೇಳಿದ ಕೊನೆಯ ದಿನಾಂಕದವರೆಗೆ ಎಣಿಸುತ್ತಾರೆ. ಓದುತ್ತಿರುವಾಗ ಮಾಡಿದ ಇಂಟರ್ನ್‌ಶಿಪ್ ಅಲ್ಲಿ ಸೇರುವುದಿಲ್ಲ. ಅಪ್ರೆಂಟಿಸ್ ಅವಧಿ ಸೇರುತ್ತದೋ ಇಲ್ಲವೋ ಅಂತ ಆ ಅಧಿಸೂಚನೆಯಲ್ಲೇ ಬರೆದಿರುತ್ತಾರೆ, ಒಂದೊಂದು ಕಡೆ ಒಂದೊಂದು ತರಹ. ಖಾಸಗಿಯಲ್ಲಿ ಇಂಥ ಲೆಕ್ಕಾಚಾರ ಇಲ್ಲ, ಹನ್ನೊಂದು ತಿಂಗಳಿದ್ದರೆ ಒಂದು ವರ್ಷ ಅಂತಲೇ ನೋಡುತ್ತಾರೆ. ಆದರೆ ರೆಸ್ಯೂಮೆಯಲ್ಲಿ ನೀವು ಬರೆಯುವಾಗ ಹನ್ನೊಂದು ಅಂತಲೇ ಬರೆಯಿರಿ. ರಿಲೀವಿಂಗ್ ಲೆಟರ್‌ನಲ್ಲಿ ದಿನಾಂಕ ಇದ್ದೇ ಇರುತ್ತದೆ.